ಒಂದಂಗುಲದ ಲೆಕ್ಕ

ಪ್ರವಾಸದ ಮೊದಲನೆಯ ದಿವಸದಲ್ಲಿ ಗೃಹಸ್ಥನ ಗುಣದೋಷಗಳೆಲ್ಲವೂ ಬಯಲಿಗೆ ಬರುವುವು. ಮನೆಯ ನಾಲ್ಕು ಗೋಡೆಗಳ ಮರೆಯಲ್ಲಿ ಅಡಗಿದ್ದ ಆತುರ, ಹಟ, ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬೇಕೆಂಬ ದುರಾಶೆ, ಮಕ್ಕಳ ಮುಂದೆ ದೊಡ್ಡಸ್ತಿಕೆ ಮೆರೆಯುವ ಚಾಪಲ್ಯ, ಇವೆಲ್ಲವೂ ಪೆಟ್ಟಿಗೆಯೊಳಗಿನ ಬಟ್ಟೆಬರೆಗಳೊಡನೆ ತಾವೂ ಹೊರಟುಬಿಡುವುವು. ಈ ಮಾತನ್ನು ನಾವು ಪರರನ್ನು ನೋಡಿ ಹೇಳುತ್ತಿಲ್ಲ. ಕಳೆದ ವಸಂತದಲ್ಲಿ ನಮಗೇ ಆದ ಅನುಭವವನ್ನು ವಾಚಕರ ಮುಂದೆ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ನಮ್ಮ ಮಗಳೂ ಅಳಿಯಂದಿರೂ ಅಮೆರಿಕ ದೇಶದ ಅಟ್ಲಾಂಟಾ ನಗರದಲ್ಲಿರುವರು. ಅವರಿಗೆ ಇಬ್ಬರು ಮಕ್ಕಳು: ಹನ್ನೊಂದು ವರುಷದ ಹುಡುಗಿ, ಐದೂವರೆ ವರುಷದ ಹುಡುಗ. ನಾವೂ ನಮ್ಮ ಮನೆಯವರೂ ಕೆಲವು ತಿಂಗಳ ಮಟ್ಟಿಗೆ ಅವರಲ್ಲಿಗೆ ಹೋಗಿದ್ದಾಗ ಮಕ್ಕಳ ಶಾಲೆಗೆ ವಸಂತಕಾಲದ ರಜೆ ಬಂದಿತು. ಫ್ಲಾರಿಡಾ ಪ್ರಾಂತದ ಆರ್ಲ್ಯಾಂಡೊ ಪಟ್ಟಣದ ಬಳಿಯಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬಲ್ಲಿಗೆ ಹೋಗತಕ್ಕದ್ದೆಂದು ನಿಶ್ಚಯವಾಯಿತು. ಅಲ್ಲಿ ನಾಲ್ಕು ವಿನೋದವನಗಳಿವೆ. ದಿನಕ್ಕೊಂದರಂತೆ ನಾಲ್ಕು ದಿನ.

ಇಂತಹ ವಿನೋದವನಕ್ಕೆ ಥೀಮ್ ಪಾರ್ಕು ಎಂಬ ಹೆಸರು ನಮ್ಮಲ್ಲಿಯೂ ರೂಢಿಗೆ ಬಂದಿದೆ. ಮೈಸೂರು ರಸ್ತೆಯ ಬಿಡದಿಯ ಬಳಿಯ ಉದ್ಯಾನವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿಯೂ ಇರಬಹುದು. ಜಾತ್ರೆಯಲ್ಲಿ ತೊಟ್ಟಿಲು, ಕುದುರೆ, ಅಂಗಡಿ ಎಲ್ಲವೂ ಕಲಬೆರಕೆಯಾಗಿರುತ್ತವೆ. ಇಲ್ಲಿಯಾದರೋ ಒಂದೊಂದು ಭಾಗವೂ ಒಂದೊಂದು ಕಥೆಯನ್ನೋ ಕಾಲವನ್ನೋ ಹಿಡಿದು ಕಟ್ಟಿದುದಾಗಿರುತ್ತದೆ. ಒಂದು ಬೀದಿಯಲ್ಲಿ ನೂರು ವರ್ಷದ ಹಿಂದಿನ ಪೇಟೆ, ಇನ್ನೊಂದರಲ್ಲಿ ಕಾಡು, ಮತ್ತೊಂದರಲ್ಲಿ ಬರಲಿರುವ ಯುಗ.

ಹೊರಡುವುದಕ್ಕೆ ಎರಡು ವಾರ ಮುಂಚೆ ಅಳಿಯಂದಿರು ಅಲ್ಲಿನ ನಿಬಂಧನೆಗಳನ್ನು ಓದಿ ಹೇಳಿದರು. ಕೆಲವು ವಾಹನಗಳನ್ನು ಏರಬೇಕಾದರೆ ಮಗು ಇಂತಿಷ್ಟು ಎತ್ತರವಿರಬೇಕೆಂಬ ಕಟ್ಟಳೆಯುಂಟು. ಸ್ಪೇಸ್ ಮೌಂಟನ್ ಎಂಬ ಹೆಸರಿನ, ಕತ್ತಲೆಯೊಳಗೆ ಓಡುವ ರೋಲರ್ ಕೋಸ್ಟರಿಗೆ ೪೪ ಅಂಗುಲ. ಹುಡುಗನಿಗೆ ಗ್ರಹನಕ್ಷತ್ರಗಳೆಂದರೆ ಪ್ರಾಣ. ಆಕಾಶಯಾನದ ವೇಷವುಳ್ಳ ಆ ಬೆಟ್ಟವೊಂದಿದ್ದರೆ ಅವನಿಗೆ ಮಿಕ್ಕದ್ದು ಯಾವುದೂ ಬೇಕಿರಲಿಲ್ಲ. “ತಾತ, ನನ್ನನ್ನು ಅಳೆ” ಎಂದು ಓಡಿಬಂದು ಬಾಗಿಲ ಚೌಕಟ್ಟಿಗೆ ಬೆನ್ನುಕೊಟ್ಟು ನಿಂತ.

ನಾವು ಅಳತೆಯ ಪಟ್ಟಿಯನ್ನು ಹಿಡಿದೆವು. ಕಾಲಿನಲ್ಲಿ ಬೂಟು ಇದ್ದಂತೆಯೇ ಅಳೆದರೂ ಎತ್ತರವು ೪೩ನ್ನು ಸ್ವಲ್ಪ ದಾಟಿತ್ತೇ ಹೊರತು ೪೪ನ್ನು ಮುಟ್ಟಿರಲಿಲ್ಲ. ಹುಡುಗ ಉಸಿರು ಬಿಗಿಹಿಡಿದು, ಕಣ್ಣುಗಳನ್ನು ಮಾತ್ರ ಮೇಲಕ್ಕೆತ್ತಿ ನಮ್ಮ ಮುಖವನ್ನೇ ನೋಡುತ್ತಿದ್ದ. ಆ ನೋಟದ ಎದುರಿನಲ್ಲಿ ನಮ್ಮ ಕೈ ಸಡಲಿತು. ಪೆನ್ಸಿಲಿನ ಮೊನೆಯನ್ನು ಮೇಲಕ್ಕೆ ಓರೆ ಮಾಡಿ ಗೆರೆಯೆಳೆದು, “ನಲವತ್ತನಾಲ್ಕು! ಸರಿಯಾಗಿ ನಲವತ್ತನಾಲ್ಕು!” ಎಂದುಬಿಟ್ಟೆವು. ಅವನು ಕುಣಿದುಕೊಂಡು ಹೋಗಿ ತಾಯಿಗೆ ಹೇಳಿದ. ಮರುದಿನ ಶಾಲೆಯಲ್ಲಿ ಗೆಳೆಯರಿಗೆಲ್ಲ ಹೇಳಿದ. ಒಲೆಯ ಬಳಿಯಿಂದ ಇದನ್ನು ನೋಡಿದ್ದ ನಮ್ಮ ಮನೆಯವರು, “ನಿಜವಾಗಿ ಅಷ್ಟಿದೆಯೆ?” ಎಂದು ಮೆಲ್ಲಗೆ ಕೇಳಿದರು. “ಎರಡು ವಾರದಲ್ಲಿ ಬೆಳೆಯುತ್ತಾನೆ ಬಿಡು” ಎಂದೆವು. ಅವರು ಮರುಮಾತಾಡಲಿಲ್ಲ. ಮಾತಾಡದಿದ್ದುದರ ಅರ್ಥ ನಮಗೆ ಆಗಲೇ ತಿಳಿಯಬೇಕಾಗಿತ್ತು.

ಅಟ್ಲಾಂಟಾದಿಂದ ಆರ್ಲ್ಯಾಂಡೊ ಸುಮಾರು ೪೪೦ ಮೈಲಿ. ದಾರಿಯಲ್ಲಿ ಪ್ರವೇಶದ ಚೀಟಿಗಳ ಪ್ರಸ್ತಾಪ ಬಂದಿತು. ಅಲ್ಲಿ ಮೂರು ವರುಷ ತುಂಬದ ಕೂಸುಗಳಿಗೆ ಚೀಟಿ ಬೇಡ. ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ. ಹತ್ತು ತುಂಬಿತೆಂದರೆ ದೊಡ್ಡವರ ದರ. ಹುಡುಗಿಯು ನಗುತ್ತ, “ನನಗೆ ಒಂಬತ್ತು ಎನ್ನಬಹುದಾಗಿತ್ತು” ಎಂದಳು. ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದರೂ ಉಪದೇಶದಿಂದ ನಿವೃತ್ತರಾಗದ ನಮಗೆ ಅಷ್ಟು ಸಾಕಾಯಿತು. ನಮ್ಮ ಬಸ್ಸುಗಳಲ್ಲಿ ಆರು ತುಂಬಿದ ಮಗುವಿಗೆ ಅರ್ಧ ಚೀಟಿ ಕೊಳ್ಳಬೇಕಾಗುವುದನ್ನು ತಪ್ಪಿಸಲು, “ಕಂಡಕ್ಟರ್ ಕೇಳಿದರೆ ಐದು ವರುಷ ಎನ್ನು” ಎಂದು ಹೆತ್ತವರೇ ಪಾಠ ಹೇಳಿಕೊಡುವ ದುರಭ್ಯಾಸವನ್ನು ಎತ್ತಿಕೊಂಡು, ಸತ್ಯದ ಮಹಿಮೆಯನ್ನು ಇಪ್ಪತ್ತು ಮೈಲಿಗಳ ಉದ್ದಕ್ಕೂ ನಿರೂಪಿಸಿದೆವು. ಎಲ್ಲರೂ ವಿನಯದಿಂದ ಕೇಳಿದರು. ಹುಡುಗನೂ ಕೇಳಿದ. ಬಾಗಿಲ ಚೌಕಟ್ಟಿನ ಗೆರೆಯ ನೆನಪು ಆಗ ನಮಗೆ ಬರಲೇ ಇಲ್ಲ. ಪರರ ಚೀಟಿಯ ಲೆಕ್ಕವನ್ನು ಮಾಡುವಾಗ ತನ್ನ ಗೆರೆಯ ಲೆಕ್ಕವು ಯಾರಿಗೂ ನೆನಪಿರುವುದಿಲ್ಲವಷ್ಟೆ!

ಮರುದಿನ ಬೆಳಗ್ಗೆ, ಆ ನಾಲ್ಕರಲ್ಲಿ ಮೊದಲು ಹುಟ್ಟಿದ ಮ್ಯಾಜಿಕ್ ಕಿಂಗ್‌ಡಮ್ ಎಂಬ ವನಕ್ಕೆ ಹೋದೆವು. ಕಾರನ್ನು ದೂರದ ಬಯಲಿನಲ್ಲಿ ಬಿಟ್ಟು, ಒಂದು ದೊಡ್ಡ ಸರೋವರವನ್ನು ಹಡಗಿನಲ್ಲಿ ದಾಟಬೇಕು. ಇಲ್ಲವೆ ಒಂದೇ ಕಂಬಿಯ ಮೇಲೆ ಓಡುವ ರೈಲಿನಲ್ಲಿ ಸುತ್ತಿಹೋಗಬೇಕು. ನಾವು ಹಡಗನ್ನೇ ಹಿಡಿದೆವು. ಈ ಸರೋವರವು ಮನುಷ್ಯರು ತೋಡಿದುದು. ತೋಡಿದ ಮಣ್ಣನ್ನು ಎದುರು ದಡಕ್ಕೆ ಹಾಕಿ ನೆಲವನ್ನು ಎತ್ತರಿಸಿದರು. ಆ ಮಣ್ಣಿನೊಳಗೆ ಹುದುಗಿದಂತೆ ಕೆಲಸಗಾರರು ಓಡಾಡುವ ಓಣಿಗಳಿವೆ. ಅವುಗಳ ಮಾಳಿಗೆಯ ಮೇಲೆ ವನವಿದೆ. ಒಂದು ಕಥೆಯ ವೇಷದವನು ಇನ್ನೊಂದು ಕಥೆಯ ಬೀದಿಯಲ್ಲಿ ನಡೆದು ನೋಡುವವರ ಕನಸನ್ನು ಕೆಡಿಸದಿರಲೆಂದು ಈ ಏರ್ಪಾಡು.

ಹಡಗಿನಲ್ಲಿ ಅಳಿಯಂದಿರು ಈ ಸ್ಥಳದ ಪೂರ್ವಕಥೆಯನ್ನು ಹೇಳಿದರು. ಚಿತ್ರಕಥೆಗಳಿಂದ ಪ್ರಸಿದ್ಧನಾದ ವಾಲ್ಟ್ ಡಿಸ್ನಿಯು ೧೯೫೫ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲನೆಯ ವನವನ್ನು ತೆರೆದನು. ಅದರ ಸುತ್ತ ಪರರ ಅಂಗಡಿಗಳೂ ವಸತಿಗೃಹಗಳೂ ಒತ್ತಿಕೊಂಡು ಬೆಳೆದುದನ್ನು ಕಂಡು, ಫ್ಲಾರಿಡಾದಲ್ಲಿ ಸುಮಾರು ೨೭,೦೦೦ ಎಕರೆ ಭೂಮಿಯನ್ನು ಬೇರೆ ಬೇರೆ ಸಂಸ್ಥೆಗಳ ಹೆಸರಿನಲ್ಲಿ ಗುಟ್ಟಾಗಿ ಕೊಂಡನು. ಆದರೆ ವನವು ಏಳುವುದಕ್ಕೆ ಮೊದಲೇ, ೧೯೬೬ರ ಡಿಸೆಂಬರಿನಲ್ಲಿ ತೀರಿಕೊಂಡನು. ಆಗ ಅವನ ಅಣ್ಣ ರಾಯ್ ಡಿಸ್ನಿಯು ತಾನು ವಿಶ್ರಾಂತಿ ಪಡೆಯುವುದನ್ನು ಮುಂದಕ್ಕೆ ಹಾಕಿ, ತಮ್ಮನ ಸಂಕಲ್ಪವನ್ನು ಹೊತ್ತು ನಡೆಸಿದನು. ೧೯೭೧ರ ಅಕ್ಟೋಬರ್ ೧ರಂದು ಬಾಗಿಲು ತೆರೆಯಿತು. ತಮ್ಮನ ಪೂರ್ಣ ನಾಮವೇ ಸ್ಥಳಕ್ಕೆ ಇರಬೇಕೆಂದು ಹಟಹಿಡಿದವನೂ ಆ ಅಣ್ಣನೇ. ಅದೇ ವರ್ಷದ ಡಿಸೆಂಬರಿನಲ್ಲಿ ಅವನೂ ಕಾಲವಾದನು. ಇದನ್ನು ಕೇಳಿ ನಮ್ಮ ಮನೆಯವರು, “ಕೊಟ್ಟ ಮಾತು ಎಂದರೆ ಹಾಗಿರಬೇಕು” ಎಂದರು. ಆ ಮಾತು ಅಣ್ಣತಮ್ಮಂದಿರನ್ನು ಕುರಿತದ್ದೆಂದೇ ನಾವು ಭಾವಿಸಿದೆವು.

ದ್ವಾರದ ಬಳಿ ಕಾವಲುಗಾರರು ಚೀಲಗಳನ್ನು ನೋಡಿದರು. ನಮ್ಮ ಮನೆಯವರ ಚೀಲದಲ್ಲಿ ಪುಳಿಯೋಗರೆ, ಚಪಾತಿ, ಕೋಡುಬಳೆಗಳ ಡಬ್ಬಿಗಳಿದ್ದುವು. ಗಾಜಿನ ಪಾತ್ರೆಯೂ ಮದ್ಯವೂ ಇಲ್ಲದಿದ್ದರೆ ಮನೆಯ ಬುತ್ತಿಯನ್ನು ಒಳಕ್ಕೆ ಒಯ್ಯಲು ಅಡ್ಡಿಯಿಲ್ಲವೆಂಬುದನ್ನು, ಮುಂದೆ ಹೋಗುವ ಗೃಹಿಣಿಯರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಒಳಗೆ ಕಾಲಿಟ್ಟೊಡನೆ ಹಳೆಯ ಕಾಲದ ಪೇಟೆಬೀದಿ. ಅದರ ಕೊನೆಯಲ್ಲಿ ಸಿಂಡರೆಲ್ಲಾ ರಾಜಕುಮಾರಿಯ ಅರಮನೆ. ಅದು ಮುಗಿಲನ್ನು ಮುಟ್ಟುವಂತೆ ಕಾಣುವುದು. ಅದರ ನಿಜವಾದ ಎತ್ತರ ೧೮೯ ಅಡಿ. ಹೆಚ್ಚಾಗಿ ಕಾಣುವುದಕ್ಕೆ ಕಾರಣವೇನೆಂದರೆ, ಮೇಲುಮೇಲಕ್ಕೆ ಹೋದಂತೆ ಕಿಟಕಿ, ಗೋಪುರ, ಕಲ್ಲುಗಳ ಅಳತೆಯನ್ನು ಕ್ರಮವಾಗಿ ಕಿರಿದುಮಾಡಿದ್ದಾರೆ. ಕಿರಿದಾದುದನ್ನು ಕಂಡ ಕಣ್ಣು ಅದು ಬಹುದೂರದಲ್ಲಿದೆಯೆಂದು ಭ್ರಮಿಸುತ್ತದೆ. ಬೀದಿಯ ಮನೆಗಳ ಮೇಲಂತಸ್ತುಗಳಿಗೂ ಇದೇ ಉಪಾಯ. ನಮ್ಮ ದೇವಾಲಯದ ಗೋಪುರಗಳಲ್ಲಿ ಮೇಲಿನ ನೆಲೆಗಳು ಕಿರಿದಾಗುತ್ತ ಹೋಗುವುದನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಮಕ್ಕಳಿಗೆ ನಾವಿದನ್ನು ವಿವರಿಸಿದಾಗ ಹುಡುಗ, “ಅಂದರೆ ಅರಮನೆ ಸುಳ್ಳು ಎತ್ತರ ಹೇಳುತ್ತಿದೆಯೆ?” ಎಂದ. “ಅಲಂಕಾರಕ್ಕೆ ಮಾತ್ರ” ಎಂದು ಉತ್ತರ ಕೊಟ್ಟೆವು.

ಅಳಿಯಂದಿರ ಪಟ್ಟಿಯಲ್ಲಿ ಆ ದಿನಕ್ಕೆ ಹದಿನಾಲ್ಕು ದರ್ಶನಗಳಿದ್ದುವು. ಮಧ್ಯಾಹ್ನದ ಹೊತ್ತಿಗೆ ಮೂರಾಗಿದ್ದುವು. ನಮ್ಮ ಮೊಣಕಾಲುಗಳಿಗೆ ಮೂವತ್ತಾದಂತಿತ್ತು. ನೆರಳಿನಲ್ಲಿ ಕುಳಿತು ಪುಳಿಯೋಗರೆ ಉಂಡೆವು. ಹುಡುಗ ಮಾತ್ರ ಎರಡು ತುತ್ತು ತಿಂದು ಎದ್ದ. ಬೆಟ್ಟಕ್ಕೆ ಹೊತ್ತಾಯಿತೆಂದು ಅವಸರ.

ಈ ಬೆಟ್ಟವು ೧೯೭೫ರ ಜನವರಿಯಲ್ಲಿ ತೆರೆದದ್ದು. ಹೊರಗಿನಿಂದ ನೋಡಿದರೆ ಬಿಳಿಯ ಶಂಕುವಿನಾಕಾರ. ಒಳಗೆ ಕತ್ತಲೆ, ಕತ್ತಲೆಯಲ್ಲಿ ನಕ್ಷತ್ರಗಳ ಮಿನುಗು. ಗಾಡಿಯ ವೇಗವು ಗಂಟೆಗೆ ಮೂವತ್ತು ಮೈಲಿಯೊಳಗೇ ಇದ್ದರೂ, ಮುಂದಿನ ತಿರುವು ಕಾಣದಿರುವುದರಿಂದ ಅದರ ಇಮ್ಮಡಿಯಂತೆ ತೋರುವುದಂತೆ. ಕುಳಿತವರ ತೊಡೆಯ ಮೇಲೆ ಒಂದು ಅಡ್ಡಪಟ್ಟಿ ಬಂದು ಹಿಡಿದುಕೊಳ್ಳುತ್ತದೆ. ದೇಹವು ತೀರ ಚಿಕ್ಕದಾದರೆ ಆ ಹಿಡಿತವನ್ನು ನಂಬುವಂತಿಲ್ಲ. ಎತ್ತರದ ಕಟ್ಟಳೆಯ ಮರ್ಮವಿಷ್ಟೆ.

ಬಾಗಿಲಲ್ಲಿ ಅಳತೆಯ ಕೋಲು ಹಿಡಿದ ಒಬ್ಬ ತರುಣಿ ನಿಂತಿದ್ದಳು. ಹುಡುಗ ಎದೆ ಸೆಟೆಸಿ ಕೋಲಿನ ಕೆಳಗೆ ಹೋಗಿ ನಿಂತ. ಬೂಟು ಹಾಕಿಕೊಂಡಿದ್ದರೂ ತಲೆಗೂ ಗುರುತಿಗೂ ನಡುವೆ ಒಂದು ಬೆರಳು ತೂರುವಷ್ಟು ಬೆಳಕು ಕಾಣಿಸಿತು. ಅವಳು ಮೊಣಕಾಲೂರಿ ಕುಳಿತು, ಅವನ ಕಣ್ಣಿಗೆ ಕಣ್ಣು ಸಮನಾಗಿಸಿಕೊಂಡು, ಇನ್ನೂ ಸ್ವಲ್ಪ ಬೆಳೆದು ಬರಬೇಕೆಂದು ಬಹು ಮೃದುವಾಗಿ ಹೇಳಿದಳು.

ಅಳುವನೆಂದು ನಾವು ಭಾವಿಸಿದ್ದೆವು. ಅವನು ಅಳಲಿಲ್ಲ. ನಮ್ಮ ಕಡೆ ಕೈತೋರಿಸಿ ಇಂಗ್ಲಿಷಿನಲ್ಲಿ, “ನಮ್ಮ ತಾತ ಮೇಷ್ಟ್ರು. ಅವರೇ ಅಳೆದಿದ್ದಾರೆ. ನಿಮ್ಮ ಕೋಲು ತಪ್ಪಿರಬೇಕು” ಎಂದ.

ಮೂವತ್ತು ವರ್ಷಗಳಿಗೂ ಮೀರಿ ಮೇಷ್ಟ್ರಾಗಿದ್ದ ನಮಗೆ, ಆ ಶಬ್ದವು ಅಂದು ಚುಚ್ಚಿದಂತೆ ಎಂದೂ ಚುಚ್ಚಿರಲಿಲ್ಲ. ತರುಣಿಯು ನಮ್ಮ ಮುಖವನ್ನು ನೋಡಿದಳು. ಹಿಂದೆ ಸಾಲಾಗಿ ನಿಂತಿದ್ದವರೂ ನೋಡಿದರು. ನಮ್ಮ ಮಾನವನ್ನು ಕಾಯುವುದಕ್ಕಾಗಿ ಮಗಳು ಮುಂದೆ ಬಂದು, “ತಾತ ಅಳೆಯುವಾಗ ಎಲ್ಲೋ ಕೈತಪ್ಪಿದೆ ಪುಟ್ಟಾ” ಎಂದಳು. ಆ ಮಾತಿನ ಕೊಡೆಯ ಕೆಳಗೆ ನಾವೂ ನುಸುಳಿ, “ಹೌದು, ತಪ್ಪಾಯಿತೇನೋ” ಎಂದೆವು. ಒಂದು ಹುಸಿಯನ್ನು ಮುಚ್ಚಲು ಇನ್ನೊಂದು ಹುಸಿ!

ಅಲ್ಲಿ ಒಂದು ಒಳ್ಳೆಯ ಏರ್ಪಾಡುಂಟು. ಚಿಕ್ಕ ಮಗುವಿರುವ ಕುಟುಂಬದಲ್ಲಿ ದೊಡ್ಡವರೊಬ್ಬರು ಹೋಗಿಬರುವವರೆಗೆ ಇನ್ನೊಬ್ಬರು ಮಗುವಿನೊಡನೆ ಇದ್ದು, ಆ ಬಳಿಕ ಪುನಃ ಮೊದಲಿನಿಂದ ಸಾಲಿನಲ್ಲಿ ಕಾಯದೆ ತಾವೂ ಹೋಗಬಹುದು. ನಾವು ಮುದುಕರಿಬ್ಬರೂ ಹುಡುಗನೊಡನೆ ಹೊರಗಿನ ಬೆಂಚಿನಲ್ಲಿ ಕುಳಿತೆವು. ಮಗಳೂ ಅಳಿಯಂದಿರೂ ಹುಡುಗಿಯನ್ನು ಕರೆದುಕೊಂಡು ಸರದಿಯಂತೆ ಹೋದರು. ನಮ್ಮ ಮನೆಯವರು ಕೋಡುಬಳೆ ಕೊಟ್ಟರು. ಹುಡುಗ ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತ.

ಆಗ ನಮಗೆ ಹಿಂದಿನ ಒಬ್ಬ ಶಿಷ್ಯನ ನೆನಪಾಯಿತು. ಪ್ರೌಢಶಾಲೆಯಲ್ಲಿ ನಮ್ಮ ಬಳಿ ಸಂಸ್ಕೃತ ಓದುತ್ತಿದ್ದವನು. ವಿನಯಶಾಲಿ, ಬಡವರ ಮನೆಯ ಹುಡುಗ. ಶಬ್ದರೂಪಗಳು ಬಾಯಿಗೆ ಬರುತ್ತಿದ್ದುವು. ವಾಕ್ಯರಚನೆ ಕೈಗೆ ಬರುತ್ತಿರಲಿಲ್ಲ. ಅವನ ಮುಖ ಬಾಡುವುದನ್ನು ನೋಡಲಾರದೆ ನಾವು ಶಾಲೆಯ ಪರೀಕ್ಷೆಗಳಲ್ಲಿ ಧಾರಾಳವಾಗಿ ಅಂಕ ಕೊಟ್ಟು, “ಬಹಳ ಚೆನ್ನಾಗಿದೆ” ಎಂದು ಬರೆಯುತ್ತಿದ್ದೆವು. ಅದನ್ನು ನಂಬಿ ಅವನು ಮುಂದೆ ಸಂಸ್ಕೃತವನ್ನೇ ವಿಶೇಷವಾಗಿ ಓದಲು ಹೋಗಿ, ಮೊದಲ ವರ್ಷವೇ ತಪ್ಪಿದನು. ಒಂದು ಸಂಜೆ ನಮ್ಮ ಮನೆಗೆ ಬಂದು ಜಗಲಿಯ ಅಂಚಿನಲ್ಲಿ ನಿಂತು, “ನೀವು ಚೆನ್ನಾಗಿದೆ ಅಂದಿದ್ದಿರಿ, ಸಾರ್” ಎಂದನು. ದೂರುವ ಧ್ವನಿಯಲ್ಲಿ ಅಲ್ಲ. ಸುಮ್ಮನೆ ತಿಳಿದುಕೊಳ್ಳುವ ಧ್ವನಿಯಲ್ಲಿ. ನಾವು ಅದೃಷ್ಟ, ದೈವ ಎಂದೇನೋ ಹೇಳಿ ಕಳುಹಿಸಿದೆವು. ಅವನಿಗೆ ಸಲ್ಲಬೇಕಾಗಿದ್ದ ಮಾತನ್ನು ಅಂದು ಹೇಳಲಿಲ್ಲ. ಆ ಮೇಲೆ ಅವನು ಬರಲೂ ಇಲ್ಲ.

ಬೆಂಚಿನ ಮೇಲೆ ಕುಳಿತ ಈ ಕಿರಿಯನಿಗೂ ಹಾಗೆಯೇ ಮಾಡಬಾರದೆಂದು ತೋರಿತು.

“ಮಗು, ಕೈತಪ್ಪಲಿಲ್ಲ” ಎಂದೆವು. “ಕಡಿಮೆಯಿತ್ತೆಂದು ನನಗೆ ಆಗಲೇ ಗೊತ್ತಿತ್ತು. ನಿನಗೆ ಸಂತೋಷವಾಗಲಿ ಎಂದು ಹೆಚ್ಚಾಗಿ ಹೇಳಿದೆ.”

ಅವನು ಬಹಳ ಹೊತ್ತು ನಮ್ಮನ್ನು ನೋಡಿದ. “ಕಾರಿನಲ್ಲಿ ಅಕ್ಕನಿಗೆ ಸುಳ್ಳು ಹೇಳಬಾರದು ಅಂದೆಯಲ್ಲ?”

“ಅಂದೆ.”

“ಹಾಗಾದರೆ ನೀನು ಸಾರಿ ಹೇಳಬೇಕು.”

ಹೇಳಿದೆವು. ನಮ್ಮ ಮನೆಯವರು ಬೇರೆ ಕಡೆಗೆ ಮುಖ ತಿರುಗಿಸಿಕೊಂಡಿದ್ದರು. ನಗುತ್ತಿದ್ದರೋ ಕಣ್ಣೊರಸಿಕೊಳ್ಳುತ್ತಿದ್ದರೋ ತಿಳಿಯಲಿಲ್ಲ. ಹುಡುಗ ಸ್ವಲ್ಪ ಯೋಚಿಸಿ, “ಎಷ್ಟು ಕಡಿಮೆ ಇತ್ತು?” ಎಂದ. ಬೆರಳುಗಳ ನಡುವೆ ಎಡೆಬಿಟ್ಟು ತೋರಿಸಿದೆವು. ಅವನು ಆ ಎಡೆಯಲ್ಲಿ ತನ್ನ ಕಿರುಬೆರಳನ್ನಿಟ್ಟು ನೋಡಿ, “ಇಷ್ಟೇನಾ?” ಎಂದು ಕೋಡುಬಳೆಯನ್ನು ಕಡಿದ. ಆ ಸದ್ದು ನಮ್ಮ ಕಿವಿಗೆ ಮಂಗಳವಾದ್ಯದಂತೆ ಕೇಳಿಸಿತು.

ಹುಡುಗಿಯು ತಂದೆಯೊಡನೆ ಒಮ್ಮೆ, ತಾಯಿಯೊಡನೆ ಒಮ್ಮೆ, ಹೀಗೆ ಎರಡು ಸಲ ಹೋಗಿಬಂದು, ತಮ್ಮನ ಪಕ್ಕದಲ್ಲಿ ಕುಳಿತು, “ಒಳಗೆ ಬರೀ ಕತ್ತಲೆ ಕಣೋ. ನಕ್ಷತ್ರವೂ ನಿಜವಾದದ್ದಲ್ಲ” ಎಂದಳು. ಇದೂ ಪ್ರಿಯವಾದ ಮಾತೇ, ಆದರೆ ಸತ್ಯವನ್ನು ಬಿಡದ ಮಾತು. ಹನ್ನೊಂದು ವರುಷದವಳಿಗೆ ತಿಳಿದಿದ್ದ ಈ ಜಾಣ್ಮೆ ಅರುವತ್ತು ವರುಷದ ಸಂಸ್ಕೃತ ಪಂಡಿತರಿಗೆ ತಿಳಿದಿರಲಿಲ್ಲ.

ಅಲ್ಲಿಂದ ಅರಮನೆಯ ಹಿಂದಿನ ಕುದುರೆಗಳ ಬಳಿಗೆ ಹೋದೆವು. ನಮ್ಮ ಜಾತ್ರೆಗಳಲ್ಲಿ ಕಂಬದ ಸುತ್ತ ಮರದ ಕುದುರೆಗಳು ತಿರುಗುವುದಿಲ್ಲವೆ? ಅದೇ ಬಗೆಯದು, ಅದರ ಹತ್ತರಷ್ಟು ದೊಡ್ಡದು. ಇದು ವನಕ್ಕಿಂತ ಬಹು ಹಳೆಯದು. ೧೯೧೭ರಲ್ಲಿ ತಯಾರಾಗಿ, ಬೇರೆ ಉದ್ಯಾನಗಳಲ್ಲಿ ಎರಡು ಮೂರು ತಲೆಮಾರಿನ ಮಕ್ಕಳನ್ನು ತಿರುಗಿಸಿ, ಆ ಬಳಿಕ ಇಲ್ಲಿಗೆ ಬಂದು ನೆಲಸಿದೆ. ಇಲ್ಲಿ ಅಳತೆಯ ಕೋಲಿಲ್ಲ. ಕೂಸಿನಿಂದ ಅಜ್ಜಿಯವರೆಗೆ ಎಲ್ಲರಿಗೂ ಸ್ಥಳವುಂಟು. ಹುಡುಗ ಹೊರಸಾಲಿನ ದೊಡ್ಡ ಕುದುರೆಯನ್ನು ತಾನೇ ಆರಿಸಿಕೊಂಡ. ನಮ್ಮ ಮನೆಯವರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲಿರುವ ರಥದ ಪೀಠದಲ್ಲಿ ಕುಳಿತರು. ನಾವು ಮೊದಲು ಸಂಕೋಚಪಟ್ಟೆವು. ಹುಡುಗ, “ತಾತ, ನೀನೂ ಹತ್ತು” ಎಂದು ಕರೆದ. ಕರೆದನಲ್ಲಾ ಎಂಬ ಸಂತೋಷದಲ್ಲಿ ಮೊಣಕಾಲನ್ನು ಮರೆತು ಹತ್ತಿದೆವು.

ಹದಿನಾಲ್ಕರಲ್ಲಿ ಆ ದಿನ ನಡೆದುದು ಆರು. ಅಳಿಯಂದಿರು ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಹಡಗಿನಲ್ಲಿ ಹಿಂದಿರುಗುವಾಗ ದೀಪಗಳಿಂದ ಬೆಳಗುತ್ತಿದ್ದ ಅರಮನೆಯನ್ನು ನೋಡುತ್ತ ಹುಡುಗ ನಮ್ಮ ತೋಳಿನ ಮೇಲೆಯೇ ನಿದ್ದೆಹೋದ. ಅರಮನೆಯು ತಾನಿಲ್ಲದ ಎತ್ತರವನ್ನು ತೋರಿಸಿದರೆ ನೋಟಕ್ಕೆ ಚೆಲುವು. ಅದನ್ನು ನಂಬಿ ಯಾರೂ ಗಾಡಿ ಹತ್ತುವುದಿಲ್ಲ. ಮಗುವಿಗೆ ಇಲ್ಲದ ಎತ್ತರವನ್ನು ಹೇಳಿದರೆ ಹಾಗಲ್ಲ. ಮಗು ಅದನ್ನು ನಂಬಿ ಹೊರಡುತ್ತದೆ. ಎಲ್ಲೋ ಒಂದು ಬಾಗಿಲಲ್ಲಿ ಅಪರಿಚಿತರ ಮುಂದೆ ತಡೆದು ನಿಲ್ಲುತ್ತದೆ. ಅಂದು ಆ ಬಾಗಿಲಲ್ಲಿ ಒಬ್ಬ ಸಜ್ಜನೆಯಿದ್ದಳು. ಎಲ್ಲ ಬಾಗಿಲುಗಳಲ್ಲಿಯೂ ಅಂಥವರೇ ಇರುವರೆಂಬ ಭರವಸೆಯೇನು?

ಊರಿಗೆ ಮರಳಿದ ದಿನ ಹುಡುಗ ಬೂಟು ಬಿಚ್ಚಿಟ್ಟು, ಚೌಕಟ್ಟಿಗೆ ಬೆನ್ನುಕೊಟ್ಟು ನಿಂತ. ನಾವು ಪೆನ್ಸಿಲನ್ನು ಕೈಗೆತ್ತಿಕೊಂಡೆವು. ಅವನು ನಮ್ಮನ್ನೊಮ್ಮೆ ನೋಡಿ, “ಈ ಸಲ ಅಜ್ಜಿ ಅಳೆಯಲಿ” ಎಂದ. ಕೊಟ್ಟುಬಿಟ್ಟೆವು. ನಲವತ್ತೆರಡೂವರೆ ಬಂದಿತು. ಅವರು ಪೆನ್ಸಿಲನ್ನು ಮಟ್ಟವಾಗಿ ಹಿಡಿದು ಗೆರೆಯೆಳೆದು, ಪಕ್ಕದಲ್ಲಿ ತಾರೀಖು ಬರೆದರು. ಮೇಲಿನ ನಮ್ಮ ಗೆರೆಯನ್ನು ಅಳಿಸಲು ಹುಡುಗ ಒಪ್ಪಲಿಲ್ಲ. ಅಲ್ಲಿಗೆ ಬೆಳೆದಾಗ ಹೋಗೋಣವೆಂದ. ಆದುದರಿಂದ ಆ ಚೌಕಟ್ಟಿನ ಮೇಲೆ ಎರಡು ಗೆರೆಗಳೂ ಇಂದಿಗೂ ಇವೆ.

ಮನೆಯಲ್ಲಿ ಮಕ್ಕಳನ್ನು ಅಳೆಯುವ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಅಂಕದಲ್ಲಾಗಲಿ ಅಂಗುಲದಲ್ಲಾಗಲಿ, ಇದ್ದುದನ್ನು ಇದ್ದಂತೆ ಹೇಳಿರಿ. ಹೇಳಿದ ಮೇಲೆ ಪಕ್ಕದಲ್ಲಿ ಕುಳಿತು ಒಂದು ಕೋಡುಬಳೆ ಕೊಡಿರಿ. ಮಿಕ್ಕ ಬೆಳವಣಿಗೆಯನ್ನು ಕಾಲವು ನೋಡಿಕೊಳ್ಳುವುದು.